ಕೊಡದ ಪಾಳಿ

ಆ ಸೋಮವಾರ ಹನ್ನೊಂದು ಇಪ್ಪತ್ತಕ್ಕೆ ನನ್ನ ಮುಖ ನಿಂತುಹೋಯಿತಂತೆ. ನನಗೆ ಗೊತ್ತೇ ಆಗಲಿಲ್ಲ. ಗೋಡೆಗೆ ಒರಗಿಸಿದ ಕರಿಹಲಗೆಯ ಮೇಲೆ ಅನುಪಾತದ ಲೆಕ್ಕ ಬರೆದು, ಲ್ಯಾಪ್‌ಟಾಪಿನ ಕಡೆ ತಿರುಗಿ ನಾನು ಪಾಠ ಮಾಡುತ್ತಲೇ ಇದ್ದೆ. ಆಮೇಲೆ ಆ ಕಡೆಯಿಂದ ತುಂಡು ತುಂಡಾಗಿ ಒಂದು ದನಿ ಬಂತು.

"ಮೇಡಂ, ನಿಮ್ಮ ವಿಡಿಯೋ ಬರ್ತಾ ಇಲ್ಲ. ಬಾಯಿ ತೆರೆದ ಹಾಗೇ ನಿಂತುಬಿಟ್ಟಿದ್ದೀರಿ. ನಾಲ್ಕು ನಿಮಿಷ ಆಯ್ತು."

ನಾಲ್ಕು ನಿಮಿಷ ನಾನು ಗೋಡೆಗೆ ಪಾಠ ಹೇಳಿದ್ದೆ. ಮೈಯೆಲ್ಲ ಉರಿದುಹೋಯಿತು. ಆದರೆ ಕೆಲಸ ಕೊಡುವವರ ಮುಂದೆ ಸಿಟ್ಟು ತೋರಿಸಲಾಗುತ್ತದೆಯೇ? ನಕ್ಕೆ. ಆ ನಗುವೂ ಅವರಿಗೆ ತಲುಪಿರಲಿಕ್ಕಿಲ್ಲ.

ಅದು ಮನೆಯಲ್ಲೇ ಕೂತು ಕನ್ನಡ ಮಾಧ್ಯಮದ ಮಕ್ಕಳಿಗೆ ವಿಡಿಯೋದಲ್ಲಿ ಗಣಿತ ಹೇಳಿಕೊಡುವ ಕೆಲಸ; ಅವತ್ತಿನದು ಅದರ ಪರೀಕ್ಷೆಯ ಪಾಠ. ನಾನು ಶಹಾಪುರದಲ್ಲಿ ಬಿ.ಎಡ್. ಮುಗಿಸಿ, ಮದುವೆಯಾಗಿ ಈ ರಂಗಂಪೇಟೆಗೆ ಬಂದು ಹನ್ನೊಂದು ವರ್ಷ. ಈ ಹನ್ನೊಂದು ವರ್ಷದಲ್ಲಿ ಎರಡು ಹೆಣ್ಣುಮಕ್ಕಳನ್ನು ಹೆತ್ತೆ. ಓಣಿಯ ಅರ್ಧ ಮಕ್ಕಳಿಗೆ ಪುಕ್ಕಟೆ ಮಗ್ಗಿ ಕಲಿಸಿದೆ. ಯಾದಗಿರಿಯಲ್ಲಿ ಒಂದು ಶಾಲೆಯವರು ಬಾ ಎಂದಾಗ "ದಿನಾ ಅಷ್ಟು ದೂರ ಹೋಗಿ ಬರೋದೆಲ್ಲ ಬ್ಯಾಡ" ಎಂದು ಅತ್ತೆ ಗೊಲ್ಲಾಳಮ್ಮ ಹೇಳಿದ್ದಕ್ಕೆ ಬಾಯಿ ಮುಚ್ಚಿಕೊಂಡು ಕೂತೆ. ಈಗ ಮನೆ ಬಿಡದೆ ಮಾಡುವ ಕೆಲಸ ಬಂದಿದೆ. ಅತ್ತೆಗೆ ಹೇಳಲು ಯಾವ ನೆಪವೂ ಉಳಿದಿಲ್ಲ. ಇದು ಹೋದರೆ ನನಗೆ ಇನ್ನೊಂದು ಬರುವುದಿಲ್ಲ ಎಂದು ಖಾತ್ರಿಯಿತ್ತು.

"ಶುಕ್ರವಾರ ಹನ್ನೊಂದಕ್ಕೆ ಇನ್ನೊಂದು ಅವಕಾಶ ಕೊಡ್ತೀವಿ," ಎಂದರು ಆ ಕಂಪನಿಯ ಮೇಡಂ. "ಅದೇ ಕೊನೇದು. ಮೊಬೈಲ್ ಡೇಟಾ ನಡೆಯಲ್ಲ, ವೈರಿನ ಲೈನೇ ಇರಬೇಕು. ಲೈನ್ ಸರಿ ಇಲ್ಲದವರನ್ನು ನಾವು ತಗೊಳ್ಳೋ ಹಾಗಿಲ್ಲ."

ಅಂದರೆ ನನ್ನ ಪಾಠದಲ್ಲಿ ತಪ್ಪಿಲ್ಲ. ತಪ್ಪೆಲ್ಲ ವೈರಿನದು. ತಲೆಯ ಮೇಲೆ ಸೆರಗು ಎಳೆದುಕೊಂಡು ಸೀದಾ ಯೂನುಸನ ಅಂಗಡಿಗೆ ನಡೆದೆ.

ನಮ್ಮ ಓಣಿಗೆ ಇಂಟರ್ನೆಟ್ ಎಳೆದವನು ಯೂನುಸ. ಮೊದಲು ಡಿಶ್ ಕೂಡಿಸುತ್ತಿದ್ದ. ಓಣಿಯ ಮೂಲೆಯ ಕಂಬಕ್ಕೆ ಒಂದು ಡಬ್ಬಿ ಹಚ್ಚಿ, ಅಲ್ಲಿಂದ ಹತ್ತು ಮನೆಗೆ ಹತ್ತು ವೈರು ಬಿಟ್ಟಿದ್ದಾನೆ. ಎಲ್ಲರೂ ಕೊಡುವ ಬಾಡಿಗೆ ಒಂದೇ.

"ಯೂನುಸ, ನನ್ನ ಲೈನಿಗಿ ಏನ್ ಮಾಡಿಯೋ?" ಎಂದೆ, ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ.

"ನಾ ಏನೂ ಮಾಡಿಲ್ರಿ ಅಕ್ಕಾರ. ನನ್ನ ಡಬ್ಬಿ ಎಲ್ಲಾರಿಗೂ ಸಮ ಹಂಚ್ತದ. ಕಸಮ್ ಮಾಡಿ ಹೇಳ್ತೀನಿ, ಒಂದು ಎಳಿ ಹೆಚ್ಚಿಲ್ಲ, ಒಂದು ಎಳಿ ಕಮ್ಮಿ ಇಲ್ಲ."

"ಸಮ ಹಂಚಿದ್ರ ನನ್ನ ಮಾರಿ ಯಾಕ ನಿಂತಿತು?"

ಅವನು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆಗೆದು ನನ್ನ ಕಡೆ ತಿರುಗಿಸಿದ. ಸೋಮವಾರ ಹನ್ನೊಂದು ಇಪ್ಪತ್ತರ ಲೆಕ್ಕ. ಆ ಹೊತ್ತಿನಲ್ಲಿ ಓಣಿಯಿಂದ ಡೇಟಾ ಹೊತ್ತು ಹೊರಗೆ ಹೋಗುತ್ತಿದ್ದ ಸಾಲುಗಳು ಮೂವತ್ತಾರು. ನನ್ನದು ಒಂದು. ಬೇರೆ ಮೂರು ಮನೆಯವು ಒಂದೊಂದು. ಉಳಿದ ಮೂವತ್ತೆರಡೂ ಫೋಟೋ ಸ್ಟುಡಿಯೋ ಇಟ್ಟ ಚನ್ನಯ್ಯನವರ ಮನೆಯವು.

"ಇದೇನಿದು ಮೂವತ್ತೆರಡು? ಅವರ ಮನ್ಯಾಗ ಮೂವತ್ತೆರಡು ಕಂಪ್ಯೂಟರ್ ಅವೇನು?"

"ಇಲ್ರಿ, ಒಂದೇ ಅದ. ಅವರು ಮದುವಿ ವಿಡಿಯೋ ಹೈದರಾಬಾದಿಗಿ ಕಳಸ್ತಾರಲ್ರಿ, ಆ ಸಾಫ್ಟ್‌ವೇರ್ ಒಂದು ಫೈಲಿಗಿ ಮೂವತ್ತೆರಡು ತುಂಡು ಮಾಡಿ, ಮೂವತ್ತೆರಡು ಸಾಲು ಹಚ್ತದ. ಡಬ್ಬಿ ಸಾಲು ನೋಡ್ತದ, ಮನಿ ನೋಡಂಗಿಲ್ಲ. ಒಂದೊಂದು ಸಾಲಿಗಿ ಒಂದೊಂದು ಪಾಳಿ ಕೊಟ್ಕೋತ ಹೋಗ್ತದ. ಎಲ್ಲಾ ಸಮ."

ನಾನು ಗಣಿತದವಳು. ಅವನು ಸಮ ಎನ್ನುತ್ತಿದ್ದದ್ದು ಮೂವತ್ತಾರರಲ್ಲಿ ಮೂವತ್ತೆರಡು. ನನ್ನ ಪಾಲು ಮೂವತ್ತಾರರಲ್ಲಿ ಒಂದು. ಸಮ ಎಂಬ ಮಾತು ಕೇಳಿ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

"ಮನಿಗಿ ಒಂದು ಪಾಳಿ ಕೊಡಂಗ ಮಾಡಕ್ಕ ಬರಂಗಿಲ್ಲೇನು ನಿನಗ?"

"ಬರ್ತದ್ರಿ. ಎರಡು ನಿಮಿಷದ ಕೆಲಸ." ಅವನು ಕುತ್ತಿಗೆ ತುರಿಸಿಕೊಂಡ. "ಆದ್ರ ನಾ ಮುಟ್ಟಂಗಿಲ್ಲ. ಹೋದ ವರ್ಷ ಪಕ್ಕದ ಓಣ್ಯಾಗ ಒಬ್ರು ಹೇಳಿದ್ರಂತ ಹಿಂಗೇ ಕೈ ಹಾಕಿದೆ. ಮರುದಿನ ಉಳಿದವರು ವೈರ್ ಕಿತ್ತು ಒಗದ್ರು. ಓಣಿ ಮಂದಿ ಕೂಡಿ ಹೇಳ್ರಿ, ಚನ್ನಯ್ಯನವರೂ ಹ್ಞೂಂ ಅನ್ಲಿ, ಅವತ್ತೇ ಮಾಡ್ತೀನಿ."

ಚನ್ನಯ್ಯನವರ ಫೋಟೋ ಸ್ಟುಡಿಯೋ ಅವರ ಮನೆಯ ಮುಂದಿನ ಕೋಣೆಯಲ್ಲೇ ಇದೆ. ನಾನು ಹೋದಾಗ ಕಂಪ್ಯೂಟರಿನಲ್ಲಿ ಯಾರೋ ಮದುಮಗಳ ಮುಖದ ಮೊಡವೆ ಅಳಿಸುತ್ತ ಕೂತಿದ್ದರು. ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ: ಪರೀಕ್ಷೆ, ನಿಂತ ಮುಖ, ಮೂವತ್ತೆರಡು ಸಾಲು, ಶುಕ್ರವಾರ.

"ನೋಡು ತಂಗಿ," ಎಂದರು, ಮೌಸ್ ಬಿಡದೆ. "ನಾ ಕಳವು ಮಾಡೀನೇನು? ನಿನ್ನ ವೈರಿಗಿ ಕೈ ಹಚ್ಚೀನೇನು? ಡಬ್ಬಿ ಪಾಳಿ ಕೊಡೋದು ಸಾಲಿಗಿ, ಮನಿಗಲ್ಲ. ಅದು ನಾ ಮಾಡಿದ ಕಾನೂನಲ್ಲ. ನೀನೂ ಬೇಕಾದಷ್ಟು ಸಾಲು ಹಚ್ಚು, ಯಾರು ಬ್ಯಾಡ ಅಂದಾರ?"

"ನನ್ನ ಮಾರಿ ಮೂವತ್ತೆರಡು ತುಂಡು ಮಾಡಿ ಕಳಸಕ್ಕ ಬರಂಗಿಲ್ಲ ಅಣ್ಣಾರ. ನನಗಿರೋದು ಒಂದೇ."

"ಅದಕ್ಕ ನಾ ಏನ್ ಮಾಡ್ಲಿ?"

"ಶುಕ್ರವಾರ ಒಂದು ತಾಸು ಬಂದ್ ಇಡ್ರಿ."

"ಅವತ್ತು ಇಡ್ತೀನಿ. ಕೆಲಸ ಸಿಕ್ಕ ಮ್ಯಾಲ ದಿನಾ ಇಡಲೇನು? ನನ್ನ ಹೊಟ್ಟಿ?"

ಆ ಪ್ರಶ್ನೆ ಕೇಳಿ ಇನ್ನಷ್ಟು ರೇಗಿತು. ಒಂದು ದಿನದ ದಯೆ ನನಗೆ ಬೇಕಿರಲಿಲ್ಲ. ನನ್ನ ಪಾಲು ಬೇಕಿತ್ತು. "ನ್ಯಾಯ ಅನ್ನೋದು ನಿಮಗ ಗೊತ್ತಿಲ್ಲ" ಎಂದು ಹೇಳಿ ಹೊರಬಿದ್ದೆ. ಬುಧವಾರ ಇಡೀ ಓಣಿ ಒಂದು ಕಡೆ ಸೇರುತ್ತದೆ, ಅಲ್ಲೇ ಇವರ ಮಾನ ತೆಗೆಯುತ್ತೇನೆ ಎಂದು ಮನಸ್ಸಿನಲ್ಲೇ ನಿರ್ಧರಿಸಿದೆ.

ಬುಧವಾರ ನಳ ಬರುವ ದಿನ.

ನಮ್ಮಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಬೆಳಗ್ಗೆ ಆರಕ್ಕೆ ಬಂದರೆ ಏಳೂವರೆಗೆ ನಿಂತಿತು. ಓಣಿಯ ಹತ್ತು ಮನೆಗೂ ಇರುವುದು ಒಂದೇ ನಳ. ನಮ್ಮ ಮಾವನವರು ಮುನಿಸಿಪಾಲಿಟಿಗೆ ಅಲೆದು ಅಲೆದು ತಂದದ್ದು. ಅವರು ತೀರಿಕೊಂಡ ಮೇಲೆ ನಳದ ಯಜಮಾನಿಕೆ ಅತ್ತೆಯದು. ಕೊಡಗಳನ್ನು ಸಾಲಾಗಿ ಇಡಬೇಕು, ಒಂದಾದ ಮೇಲೊಂದು ತುಂಬಬೇಕು, ತುಂಬಿದ ಕೊಡ ಮನೆಗೆ ಒಯ್ದು ಖಾಲಿ ಮಾಡಿ ತಂದು ಮತ್ತೆ ಸಾಲಿನ ಕೊನೆಗೆ ಇಡಬೇಕು. ಮಧ್ಯೆ ತೂರಿಸುವಂತಿಲ್ಲ. ಯಾರು ತೂರಿಸಿದರೂ ಅತ್ತೆಯ ಬಾಯಿಗೆ ಬಿದ್ದರೆಂದೇ ಅರ್ಥ. ಇಷ್ಟು ಶಿಸ್ತಿನ ನಳ ಇಡೀ ರಂಗಂಪೇಟೆಯಲ್ಲಿ ಇಲ್ಲ ಎಂದು ನಾನು ತವರಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಅವತ್ತು ಎಲ್ಲರೂ ಬಂದಿದ್ದರು. ಚನ್ನಯ್ಯನವರು ಹೆಂಡತಿಗೆ ಸೊಂಟನೋವೆಂದು ತಾವೇ ಲುಂಗಿ ಮೇಲೆ ಕಟ್ಟಿ ನಿಂತಿದ್ದರು. ನೀರಿನ್ನೂ ಬಂದಿರಲಿಲ್ಲ. ನಾನು ಶುರು ಮಾಡಿದೆ.

ಹೇಳಬೇಕಾದ್ದನ್ನೆಲ್ಲ ಹೇಳಿದೆ. ಎಲ್ಲರೂ ಒಂದೇ ಬಾಡಿಗೆ ಕಟ್ಟುತ್ತೇವೆ, ಆದರೆ ಒಬ್ಬರೇ ಮೂವತ್ತೆರಡು ಸಾಲು ಹಚ್ಚಿ ಎಲ್ಲ ಬಾಚಿಕೊಳ್ಳುತ್ತಾರೆ, ನಿಮ್ಮ ಮೊಬೈಲಿನಲ್ಲಿ ಚಿತ್ರ ಸುತ್ತುತ್ತ ನಿಲ್ಲುವುದು ಇದೇ ಕಾರಣಕ್ಕೆ, ಇಂಥವರಿಗೆ ಹೊಟ್ಟೆ ಒಂದೇ ಇದ್ದರೂ ಬಾಯಿ ಮೂವತ್ತೆರಡು ಎಂದೆಲ್ಲ. ಪಕ್ಕದ ಮನೆಯ ಮೌನಮ್ಮ "ಅದಕ್ಕೇನ ನಮ್ಮ ಹುಡುಗಿ ಕ್ಲಾಸ್ ನಿಂತು ನಿಂತು ಬರೋದು" ಎಂದಳು. ಮಂದಿ ನನ್ನ ಕಡೆ ವಾಲುತ್ತಿದ್ದಾರೆ ಎಂದು ತಿಳಿದು ನನ್ನ ದನಿ ಇನ್ನೂ ಏರಿತು.

"ಪಾಳಿ ಅಂದ್ರ ಮನಿಗಿ ಒಂದು ಇರಬೇಕು. ಒಂದೇ ಮನಿ ಮೂವತ್ತೆರಡು ಪಾಳಿ ಹಿಡಿಯೋದು ಯಾವ ನ್ಯಾಯ? ನೀವೇ ಹೇಳ್ರಿ."

ಸಾಲಿನ ಕೊನೆಯಲ್ಲಿ ಗೋಡೆಗೆ ಆತು ಕೂತಿದ್ದ ಅನ್ವರಬಿ ತಲೆ ಎತ್ತಿದಳು. ಎದುರು ಮನೆಯವಳು, ಐವತ್ತೈದು ದಾಟಿದ ಹೆಂಗಸು. ಮಗಳು ತರನ್ನುಮ ರವಿಕೆ ಹೊಲಿಯುತ್ತಾಳೆ, ಇಬ್ಬರದೇ ಸಂಸಾರ. ಜಗಳದ ಮನುಷ್ಯಳಲ್ಲ.

"ಬೇಟಾ," ಎಂದಳು, "ಈ ಸಾಲಿನ್ಯಾಗ ನಿಮ್ಮ ಕೊಡ ಎಷ್ಟವ?"

ನಾನು ಸಾಲು ನೋಡಿದೆ. ನನಗೆ ಎಣಿಸುವ ಅಗತ್ಯವೇ ಇರಲಿಲ್ಲ. ನಾನೇ ಇಟ್ಟಿದ್ದೆ. ಆದರೂ ಎಣಿಸಿದೆ. ಒಟ್ಟು ಇಪ್ಪತ್ತಾರು ಕೊಡ. ನಮ್ಮವು ಒಂಬತ್ತು. ಚನ್ನಯ್ಯನವರವು ಮೂರು. ಅನ್ವರಬಿಯದು ಒಂದು, ಬಾಯಿ ಸೊಟ್ಟಗಾದ ಒಂದು ಸ್ಟೀಲಿನ ಕೊಡ.

ಚನ್ನಯ್ಯನವರು ನಕ್ಕುಬಿಟ್ಟರು. ಬಿದ್ದು ಬಿದ್ದು ನಕ್ಕರು. "ಮೂವತ್ತೆರಡು ಬಾಯಿ ಅಂದಿ ತಂಗಿ ನನಗ. ನಿಂದೆಷ್ಟಾದವು?"

"ಅದು ಬ್ಯಾರೆ, ಇದು ಬ್ಯಾರೆ," ಎಂದೆ. ಎಲ್ಲಿ ಬೇರೆ ಎಂದು ಯಾರಾದರೂ ಕೇಳಿದ್ದರೆ ನನ್ನ ಬಿ.ಎಡ್. ನನ್ನ ಸಹಾಯಕ್ಕೆ ಬರುತ್ತಿರಲಿಲ್ಲ. ಅನ್ವರಬಿಯ ಮೇಲೆ ಆಗ ನನಗೆ ಎಂಥ ಸಿಟ್ಟು ಬಂತೆಂದರೆ, ಆ ಸೊಟ್ಟ ಕೊಡವನ್ನು ಒದ್ದುಬಿಡಬೇಕು ಎನಿಸಿತು. ಇಷ್ಟು ದಿನ ಸುಮ್ಮನಿದ್ದವಳಿಗೆ ಇವತ್ತೇ ಬಾಯಿ ಬರಬೇಕಿತ್ತೇ?

ಅತ್ತೆ ನಳದ ಕಟ್ಟೆಯಿಂದ ಎದ್ದರು. "ನನ್ನ ಗಂಡ ತಂದ ನಳ ಇದು. ನಮ್ಮ ಮನ್ಯಾಗ ಐದು ಮಂದಿ ಅದೀವಿ. ಯಾರಪ್ಪ ಕೇಳೋನು?"

"ನಮ್ಮ ಮನ್ಯಾಗ ಎಂಟು ಮಂದಿ," ಎಂದಳು ಮೌನಮ್ಮ. "ನಾವು ಎರಡೇ ಇಡ್ತೀವಿ."

ಅಲ್ಲಿಂದ ಗದ್ದಲ. ಹನ್ನೊಂದು ವರ್ಷ ಬಾಯಿ ಬಿಡದಿದ್ದವರೆಲ್ಲ ಒಮ್ಮೆಗೇ ಮಾತಾಡತೊಡಗಿದರು. ನಮ್ಮ ಮನೆಯವರು ಉಳಿದ ನೀರಲ್ಲಿ ಅಂಗಳ ತೊಳೆಯುತ್ತಾರೆ ಎಂದರು. ನನ್ನ ಗಂಡ ಮಲ್ಲು ನಳ ಬಂದ ದಿನವೇ ತನ್ನ ಟೆಂಪೋ ತೊಳೆಯುತ್ತಾನೆ ಎಂದರು. ಎಲ್ಲವೂ ನಿಜ. ಆ ಟೆಂಪೋ ತೊಳೆಯಲು ನೀರು ಹೊತ್ತವಳು ನಾನೇ. ಅಷ್ಟರಲ್ಲಿ ನಳ ಗೊರಗೊರ ಎಂದಿತು, ನೀರು ಬಂತು. ಯಾರೂ ಕೊಡ ಹಿಡಿಯಲಿಲ್ಲ. ನೀರು ಚರಂಡಿಗೆ ಹರಿಯತೊಡಗಿತು.

"ತಂಗಿ," ಎಂದರು ಚನ್ನಯ್ಯನವರು, ಈಗ ನಗದೆ. "ನೀ ಇಲ್ಲಿ ಮನಿಗೊಂದು ಕೊಡ ಅನ್ನು. ನಾ ಅಲ್ಲಿ ಮನಿಗೊಂದು ಪಾಳಿ ಅಂತೀನಿ. ಈಗೇ ಯೂನುಸಗ ಫೋನ್ ಹಚ್ತೀನಿ."

ಇಲ್ಲಿ ನಾನು ನಿಜ ಒಪ್ಪಿಕೊಳ್ಳಬೇಕು. ನನಗೆ ನ್ಯಾಯದ ಆಸೆ ಹುಟ್ಟಿತೆಂದು ಯಾರೂ ತಿಳಿಯಬೇಡಿ. ನನಗೆ ಕಾಣುತ್ತಿದ್ದದ್ದು ಶುಕ್ರವಾರ ಹನ್ನೊಂದು ಗಂಟೆ ಒಂದೇ. ಸಾಲಿನಿಂದ ನಮ್ಮ ಕೊಡಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟೆ. ಎಂಟು ಕೊಡ. ಒಂದೊಂದನ್ನೂ ನೆಲಕ್ಕೆ ಕುಕ್ಕಿದೆ.

"ಕೊಡ ಮುಟ್ಟಬ್ಯಾಡ," ಎಂದರು ಅತ್ತೆ.

"ಮುಟ್ಟೇನಿ ಅತ್ತಿ. ನೀವು ಒಳಗ ನಡೀರಿ."

ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವರು ಒಳಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತರು.

ಮೌನಮ್ಮನಿಗೆ ಇದೂ ಸರಿ ಬರಲಿಲ್ಲ. "ಇಬ್ಬರಿರೋ ಮನಿಗೂ ಒಂದು, ಎಂಟು ಮಂದಿಗೂ ಒಂದಾ?" ಎಂದು ಕೇಳಿದಳು. ಅದೂ ನಿಜ. ಅದಕ್ಕೂ ಅನ್ವರಬಿಯೇ ಉತ್ತರ ಹೇಳಿದಳು: "ನಂಗ ಸಾಕಾದ ಮ್ಯಾಲ ನಾ ಎದ್ದು ಹೋಗ್ತೀನವ್ವ. ಆಮ್ಯಾಲ ನನ್ನ ಪಾಳಿ ನಿಮಗ." ಫೋನಿನಲ್ಲಿ ಯೂನುಸ ಚನ್ನಯ್ಯನವರಿಗೆ ಹೇಳಿದ್ದೂ ಅದೇ ಮಾತು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಮಂದಿ ಇದ್ದಾಗ ನಿಮಗ ಒಂದೇ ಪಾಲ್ರಿ. ನೀವು ಎಷ್ಟು ಸಾಲು ಹಚ್ಚಿದ್ರೂ ಆ ಒಂದು ಪಾಲಿನ್ಯಾಗೇ ಹಂಚ್ಕೋತಾವ. ಮಂದಿ ಇಲ್ಲದಾಗ ಪೂರಾ ನಿಮ್ಮದೇ. ಖಾಲಿ ಬಿಡಂಗಿಲ್ಲ ನನ್ನ ಡಬ್ಬಿ."

ಚನ್ನಯ್ಯನವರು ಹ್ಞೂಂ ಎಂದರು. ಅವತ್ತು ನಮ್ಮ ಮನೆಗೆ ಬಂದದ್ದು ಹತ್ತು ಕೊಡ. ಮೊದಲೆಲ್ಲ ಇಪ್ಪತ್ತೇಳು ಬರುತ್ತಿದ್ದವು.

ಗುರುವಾರ ಅತ್ತೆ ಒಗೆಯದ ಬಟ್ಟೆಯ ಗಂಟು ತಂದು ನನ್ನ ಕರಿಹಲಗೆಯ ಕೆಳಗೇ ಇಟ್ಟರು. ಮಲ್ಲು ಮಣ್ಣು ಮೆತ್ತಿದ ಟೆಂಪೋವನ್ನು ಹಾಗೇ ಶಹಾಪುರಕ್ಕೆ ಒಯ್ದ. ನನಗೆ ಎಲ್ಲರ ಮೇಲೂ ಸಿಟ್ಟಿತ್ತು. ಗಂಟಿನ ಮೇಲೆ ಸಿಟ್ಟಿತ್ತು, ಯೂನುಸನ ಡಬ್ಬಿಯ ಮೇಲೆ ಸಿಟ್ಟಿತ್ತು. ಹತ್ತು ಕೊಡದಲ್ಲಿ ಐದು ಜನ ನಾಲ್ಕು ದಿನ ನಡೆಸಬಹುದು ಎಂದು ಒಂದೇ ದಿನದಲ್ಲಿ ಗೊತ್ತಾಯಿತಲ್ಲ, ಅದರ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟಿತ್ತು.

ಶುಕ್ರವಾರ ಹನ್ನೊಂದಕ್ಕೆ ಬಟ್ಟೆಯ ಗಂಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಪಾಠ ಶುರು ಮಾಡಿದೆ. ಅನುಪಾತದ ಉದಾಹರಣೆಗೆ ಬೇರೆ ಬರೆದುಕೊಂಡಿದ್ದೆ, ಪೆನ್ಸಿಲ್ಲು, ಮಾವಿನಹಣ್ಣು. ಬಾಯಿಗೆ ಬಂದದ್ದು ನಳ. ಇಪ್ಪತ್ತಾರು ಕೊಡ, ಒಂದು ಮನೆಯವು ಒಂಬತ್ತು, ಒಂದು ಮನೆಯದು ಒಂದು, ಒಂಬತ್ತಕ್ಕೆ ಒಂದು. ಚನ್ನಯ್ಯನವರ ಮನೆಯಲ್ಲಿ ಕಂಪ್ಯೂಟರು ಆಗಲೂ ಯಾರದೋ ಮದುವೆಯನ್ನು ಹೈದರಾಬಾದಿಗೆ ಕಳಿಸುತ್ತಲೇ ಇತ್ತು. ನನ್ನ ಮುಖ ಮೂವತ್ತು ನಿಮಿಷ ಒಮ್ಮೆಯೂ ನಿಲ್ಲಲಿಲ್ಲ.

"ಉದಾಹರಣೆ ತುಂಬ ಚೆನ್ನಾಗಿತ್ತು ಮೇಡಂ," ಎಂದರು ಕಂಪನಿಯವರು. "ಎಲ್ಲಿಂದ ತಂದ್ರಿ?"

"ಇಲ್ಲೇ, ನಮ್ಮ ಓಣಿಯಿಂದ," ಎಂದೆ. ಶನಿವಾರ ಕೆಲಸದ ಪತ್ರ ಬಂತು. ಅತ್ತೆಗೆ ಓದಿ ಹೇಳಿದೆ. "ಆಯಿತು" ಎಂದಷ್ಟೇ ಹೇಳಿದರು.

ಭಾನುವಾರ ಮತ್ತೆ ನಳ ಬಂತು. ಹತ್ತು ಮನೆ, ಹತ್ತು ಕೊಡ. ಸಾಲು ಎಷ್ಟು ಗಿಡ್ಡವಾಗಿತ್ತೆಂದರೆ ಅನ್ವರಬಿ ಗೋಡೆಗೆ ಆತು ಕೂರುವ ಮೊದಲೇ ಅವಳ ಪಾಳಿ ಬರುತ್ತಿತ್ತು. ತನ್ನ ಐದನೇ ಕೊಡ ತುಂಬಿದ ಮೇಲೆ ಅವಳು "ನಂಗ ಸಾಕವ್ವ" ಎಂದು ಮೌನಮ್ಮನಿಗೆ ಜಾಗ ಬಿಟ್ಟಳು. ತರನ್ನುಮ ಬಾಗಿಲಲ್ಲಿ ಎರಡು ಕೌದಿ ನೆನೆ ಹಾಕುತ್ತಿದ್ದಳು. ಹೊದೆಯುವ ದಪ್ಪನೆಯ ಕೌದಿ, ಬಣ್ಣ ಕಾಣದಷ್ಟು ಕೊಳೆಯಾಗಿದ್ದವು.

ನನಗೆ ಮತ್ತೆ ರೇಗಿತು. ಇಷ್ಟು ವರ್ಷ ಎದುರಿಗೇ ಇದ್ದಳು, ಹಬ್ಬಕ್ಕೆ ಶೀರಕುರ್ಮಾ ಕಳಿಸಿದ್ದಳು, ನನ್ನ ಬಾಣಂತನದಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದಳು. ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ಅವತ್ತು ಚನ್ನಯ್ಯನವರ ಮುಂದೆ ನನ್ನ ಮಾನ ಹೋಗುತ್ತಿರಲಿಲ್ಲ. ಅವಳ ಕೊಡ ಎತ್ತಿಕೊಡುವ ನೆಪದಲ್ಲಿ ಹತ್ತಿರ ಹೋದೆ.

"ಖಾಲಾ, ಇಷ್ಟು ವರ್ಷ ಯಾಕ ಬಾಯಿ ಬಿಡಲಿಲ್ಲ ನೀವು? ಒಂದು ಮಾತು ನನಗ ಹೇಳಿದ್ರ ಆಗ್ತಿದ್ದಿಲ್ಲೇನು?"

ಅವಳು ನನ್ನನ್ನು ನೋಡಿದಳು. ಕೊಂಕು ಇರಲಿಲ್ಲ, ನನಗೆ ನೆನಪಿಲ್ಲವೆಂಬುದೇ ಅವಳಿಗೆ ಆಶ್ಚರ್ಯವಾದಂತಿತ್ತು.

"ಹೇಳಿದ್ದೆ ಬೇಟಾ. ನೀ ಮದುವ್ಯಾಗಿ ಬಂದ ವರ್ಷನೇ ಹೇಳಿದ್ದೆ. ಓದಿದ ಹುಡುಗಿ, ಅತ್ತಿಗಿ ತಿಳಿಸಿ ಹೇಳ್ತಾಳ ಅಂತ ನಿನಗೇ ಹೇಳಿದ್ದೆ. ಮನಿಗೊಂದು ಕೊಡ ಇಡೋಣು ಅಂದೆ. ಇದೇ ಕಟ್ಟಿ ಹತ್ರ."

"ನಾ ಏನಂದೆ?"

"ಪಾಳಿ ಕೊಡಕ್ಕರಿ ಖಾಲಾ, ಮನಿಗಲ್ಲ, ಅಂದಿ. ನೀವೂ ಬೇಕಾದಷ್ಟು ಕೊಡ ತಂದಿಡ್ರಿ, ಯಾರು ಬ್ಯಾಡ ಅಂದಾರ, ಅಂದಿ." ಅವಳು ಸೊಟ್ಟ ಕೊಡವನ್ನು ನನ್ನ ಕೈಯಿಂದ ತೆಗೆದುಕೊಂಡು ಸೊಂಟಕ್ಕೆ ಏರಿಸಿದಳು. "ನನಗಿರೋದು ಒಂದೇ ಟೊಂಕ ಅಂದೆ. ನೀ ನಕ್ಕು ಒಳಗ ಹೋದಿ."

ಅವಳು ನಿಧಾನವಾಗಿ ತನ್ನ ಬಾಗಿಲಿನತ್ತ ನಡೆದಳು. ನಾನು ನೆನಪಿಸಿಕೊಳ್ಳಲು ನೋಡಿದೆ. ಕಟ್ಟೆ ನೆನಪಿದೆ, ಆ ವರ್ಷದ ಹಸಿರು ಸೀರೆ ನೆನಪಿದೆ, ಒಂಬತ್ತು ಹೊಸ ಕೊಡ ತವರಿನಿಂದ ತಂದದ್ದೂ ನೆನಪಿದೆ. ಅವಳು ಕೇಳಿದ್ದು ಮಾತ್ರ ನೆನಪಿಲ್ಲ. ಹಿಂದಿನಿಂದ ಮೌನಮ್ಮ ಕೂಗಿದಳು, ನಮ್ಮ ಪಾಳಿ ಬಂದಿದೆ, ಕೊಡ ಹಿಡಿ ಎಂದು.